ಚೀಲದಲ್ಲಿ ಮರಳಿ ಬಂದ ಕುರಿಹಿಕ್ಕಿ

ಶರಣಮ್ಮಜ್ಜಿ ಚೀಲದಿಂದ ಒಂದು ಹಿಡಿ ಗೊಬ್ಬರ ತೆಗೆದು ಮೂಸಿ, ಜೋರಾಗಿ ನಕ್ಕುಬಿಟ್ಟರು. ಗುಂಜೋಟಿಯ ಬಡ ರೈತರ ಹಸಿವು ನೀಗಿಸಲು ಪುಣೆಯಿಂದ ಬಂದಿದ್ದ ಸಂಸ್ಥೆಯೊಂದು ತಲೆಗೊಂದು ಚೀಲ ಗೊಬ್ಬರ ಹಂಚುತ್ತಿತ್ತು. ಕನ್ನಡ ಬಾರದ ಅದರ ಸಾಹೇಬರಿಗೆ ಊರಿನ ಮಾಸ್ತರನಾದ ನಾನೇ ದುಭಾಷಿ.

“ಇದು ನಮ್ಮೂರ ಕುರಿ ಹಿಕ್ಕಿನೇ ಅದರೀ ಮಾಸ್ತರ. ಮೊದಲ ಕುರುಬರಿಗಿ ನಾಕು ಸೇರು ಜ್ವಾಳ ಕೊಟ್ರ ಹಿಂಡು ನಮ್ಮ ಹೊಲದಾಗೇ ಮಲಗ್ತಿತ್ತು. ಈಗ ಇವರ ಲಾರಿ ಬಂದು ಎಲ್ಲಾ ಬಳಕೊಂಡು ಹೋಗ್ತದ. ಎರಡೆಕರೆ ಹೊಲಕ್ಕ ಈ ಚೀಲ ಯಾವ ಮೂಲಿಗಿ ಸಾಲ್ತದ?” ಎಂದರು.

ಅಜ್ಜಿ ಏನೆನ್ನುತ್ತಾರೆ ಎಂದು ಸಾಹೇಬರು ಕೇಳಿದರು. ಪಕ್ಕದ ಶಾಮಿಯಾನದಿಂದ, ಸಂಸ್ಥೆಯವರು ಊಟಕ್ಕೆ ಮಾಡಿಸಿದ್ದ ರವೆಯ ಶಿರಾದ ತುಪ್ಪದ ಘಮ ಬರುತ್ತಿತ್ತು. ಇಂಥ ಗೊಬ್ಬರ ಜನ್ಮದಲ್ಲೇ ಕಂಡಿಲ್ಲವಂತೆ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಗಡಿಯೂರಿನ ಈ ಅಜ್ಜಿಗೂ ಮರಾಠಿ ನನ್ನಷ್ಟೇ ಬರುತ್ತದೆ ಎಂಬುದು ನೆನಪಾದದ್ದು ಊಟಕ್ಕೆ ಕೂತ ಮೇಲೆ. ಎದುರಿಗಿದ್ದ ಅಜ್ಜಿ ಮೆಲ್ಲಗೆ ಕೇಳಿದರು: “ನಿಮ್ಮ ಹಸಿವಿ ಹೋತೇನ್ರೀ ಮಾಸ್ತರ?”

ನನ್ನ ಬಾಯಿ ತುಂಬ ಶಿರಾ ಇತ್ತು.