ಹದಿನಾಲ್ಕನೇ ರೂಮಿನ ಬಾಡಿಗೆದಾರರು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಇಬ್ಬರು ಒಳಗೆ ಬಂದರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕಾದಷ್ಟು ಇಕ್ಕಟ್ಟಿನ ಅಂಗಡಿಯೊಂದಿತ್ತು. ಅದರ ಒಡತಿಯನ್ನು ಓಣಿಯವರೆಲ್ಲ ಕೋಡಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಅವಳು ವಿಡಿಯೊ ಗೇಮಿನ ಡಿಸ್ಕ್ ಮಾರುತ್ತಿದ್ದಳು. ಜನ ಗೇಮುಗಳನ್ನು ನೇರವಾಗಿ ಕಂಪ್ಯೂಟರಿಗೇ ಇಳಿಸಿಕೊಳ್ಳತೊಡಗಿದ ಮೇಲೆ ಡಿಸ್ಕನ್ನು ಕೇಳುವವರೇ ಇಲ್ಲವಾಗಿ, ಅವಳ ಸರಕೆಲ್ಲ ಚೀಟಿಯ ಮೇಲೆ ಬರೆದುಕೊಡುವ ಹದಿನೈದು ಅಕ್ಷರಗಳಿಗೆ ಇಳಿಯಿತು. ಅದೇ ಕೋಡು. ಅದನ್ನು ಆನ್‌ಲೈನ್ ಮಳಿಗೆಯಲ್ಲಿ ಟೈಪ್ ಮಾಡಿದರೆ ಗೇಮು ನಿಮ್ಮದು.

ಈ ವ್ಯಾಪಾರದ ಗುಟ್ಟು ದೊಡ್ಡದೇನಲ್ಲ. ಮಳಿಗೆಯವರು ಒಂದೇ ಗೇಮನ್ನು ಒಂದೊಂದು ದೇಶದಲ್ಲಿ ಒಂದೊಂದು ಬೆಲೆಗೆ ಮಾರುತ್ತಾರೆ. ಕೋಡಕ್ಕನ ದೇಶದಲ್ಲಿ ಅರ್ಧ ತಿಂಗಳ ಮನೆ ಬಾಡಿಗೆಯಷ್ಟು ಬೀಳುವ ಗೇಮು ಸಮುದ್ರದಾಚೆಯ ಇನ್ನೊಂದು ದೇಶದಲ್ಲಿ ಒಂದು ಜೊತೆ ಚಪ್ಪಲಿಯ ಬೆಲೆಗೆ ಸಿಗುತ್ತದೆ. ಯಾಕೆ ಎಂದರೆ ಅಲ್ಲಿಯ ಜನ ಬಡವರಂತೆ. ಇಲ್ಲಿ ಯಾರು ಬಂಗಾರದ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ ಎಂದು ಬಂದು ನೋಡಿದವರಿಲ್ಲ. ಹಾಗಾಗಿ ಕೋಡಕ್ಕ ತನ್ನ ಗಿರಾಕಿಗಳನ್ನೆಲ್ಲ ಕಾಗದದ ಮೇಲೆ ಆ ಅಗ್ಗದ ದೇಶಕ್ಕೆ ಕಳಿಸಿಬಿಡುತ್ತಿದ್ದಳು. ಅಲ್ಲಿಯ ಕೋಡು ಅಲ್ಲಿಯ ಖಾತೆಗೆ ಮಾತ್ರ ನಡೆಯುತ್ತದೆ, ಆದರೆ ಮಳಿಗೆಯಲ್ಲಿ ಖಾತೆ ತೆರೆಯುವಾಗ ಅಲ್ಲಿಯದೊಂದು ವಿಳಾಸ ಕೊಟ್ಟರೆ ಮುಗಿಯಿತು. ಮೊದಲ ಸಲ ನಕ್ಷೆಯಲ್ಲಿ ಕಣ್ಣಿಗೆ ಬಿದ್ದ ಒಂದು ಲಾಡ್ಜಿನ ಹೆಸರು ಹಾಕಿ, ರೂಮ್ ನಂಬರ್ ಹದಿನಾಲ್ಕು ಎಂದು ಬರೆದಳು. ಅದು ನಡೆಯಿತು. ಎರಡನೆಯ ಸಲವೂ ನಡೆಯಿತು. ಆಮೇಲೆ ಅದೇ ಕೈಗೆ ಒಗ್ಗಿಹೋಯಿತು. ಒಂಬತ್ತು ವರ್ಷದಲ್ಲಿ ಆ ಒಂದು ರೂಮಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬಾಡಿಗೆಗಿದ್ದರು: ಬ್ಯಾಂಕಿನ ಕಾವಲುಗಾರ, ಹಲ್ಲಿನ ಡಾಕ್ಟರು, ಕನ್ನಡಕದಂಗಡಿಯವನ ಇಡೀ ಸಂಸಾರ.

"ಅಲ್ಲಿ ಉಸಿರಾಡೋಕಾದ್ರೂ ಜಾಗ ಇದೆಯಾ ಅಕ್ಕ?" ಎಂದು ಡಾಕ್ಟರು ಕೇಳಿದರೆ, "ಸರದಿ ಮೇಲೆ ಉಸಿರಾಡಿ ಡಾಕ್ಟ್ರೇ" ಎನ್ನುತ್ತಿದ್ದಳು.

ಆ ರೂಮಿನ ಮೊಟ್ಟಮೊದಲ ಬಾಡಿಗೆದಾರ ಅವಳ ಸ್ವಂತ ತಮ್ಮ.

ತಮ್ಮ ಲಾರಿ ಡ್ರೈವರಾಗಿದ್ದ. ಕಡಲ ಬದಿಯ ಹೆದ್ದಾರಿಯಲ್ಲಿ ಹದಿನೇಳು ವರ್ಷ ಲಾರಿ ಓಡಿಸಿ ಒಂದು ನಾಯಿಗೂ ಗಾಯ ಮಾಡದವನು, ಒಂದು ಮಧ್ಯಾಹ್ನ ನಿಂತ ಲಾರಿಯ ಮೇಲೆ ಹತ್ತಿ ತಾಡಪಾಲು ಬಿಗಿಯುವಾಗ ಹಗ್ಗ ಕಿತ್ತು ಕೆಳಗೆ ಬಿದ್ದ. ಕುತ್ತಿಗೆಯ ಕೆಳಗೆ ಅವನ ಮಾತು ಕೇಳುವುದೆಂದು ಉಳಿದದ್ದು ಬಲಗೈಯ ಮೂರು ಬೆರಳು ಮಾತ್ರ. ಹೆಂಡತಿ ಒಂದು ವರ್ಷ ಸೈರಿಸಿದಳು, ಆಮೇಲೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕೋಡಕ್ಕ ಅವಳನ್ನು ಬೈಯಲಿಲ್ಲ. ತಮ್ಮನನ್ನು ತನ್ನ ಮನೆಗೆ ಕರೆತಂದು ಬೀದಿ ಕಡೆಯ ಕೋಣೆಯಲ್ಲಿ ಮಂಚ ಹಾಕಿಸಿದಳು. ಅವನು ಎರಡು ವರ್ಷ ಸೂರು ನೋಡುತ್ತ ಮಲಗಿದ. ಮಾತಾಡಿಸಿದರೆ ಹೂಂ, ತುತ್ತು ಹಿಡಿದರೆ ಬಾಯಿ ತೆರೆಯುವುದು, ಅಷ್ಟೆ. ಸತ್ತವನನ್ನು ಸಾಕುತ್ತಿದ್ದೇನೆ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಆಗ ಅವಳ ಕಣ್ಣಿಗೆ ಬಿದ್ದದ್ದು ಲಾರಿ ಓಡಿಸುವ ಒಂದು ಗೇಮು. ಬಡಗಿಯಿಂದ ಮಂಚಕ್ಕೆ ಅಡ್ಡ ಹಲಗೆ ಮಾಡಿಸಿ ಪರದೆ ನಿಲ್ಲಿಸಿದಳು, ಬೆರಳಿಗೆ ನಿಲುಕುವ ಹಾಗೆ ಗುಂಡಿಗಳನ್ನು ಹೊಂದಿಸಿ ಅಂಗೈಗೆ ಪಟ್ಟಿ ಕಟ್ಟಿದಳು. ತಮ್ಮ ಮೊದಲ ದಿನ ಮೂಗು ಮುರಿದ. "ಗೇರ್ ಹಾಕೋ ಸದ್ದು ಹಿಂಗಿರಲ್ಲ" ಎಂದ. ಎರಡು ವರ್ಷದಲ್ಲಿ ಅವನಾಡಿದ ಮೊದಲ ಪೂರ್ತಿ ವಾಕ್ಯ ಅದು. ಕೋಡಕ್ಕ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಅತ್ತಳು.

ಅಲ್ಲಿಂದ ಮುಂದೆ ಅವನಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ ಡ್ಯೂಟಿ. ಆ ಗೇಮಿನಲ್ಲಿ ಬೇರೆಬೇರೆ ದೇಶದವರು ಒಟ್ಟಿಗೆ ಸೇರಿ, ಸಾಲುಗಟ್ಟಿ ಲಾರಿ ಓಡಿಸುತ್ತಾರೆ. ತಮ್ಮ ತನ್ನ ಹಳೆಯ ಲಾರಿಯ ನಂಬರನ್ನೇ ಹೆಸರಾಗಿಟ್ಟುಕೊಂಡ: ನಲವತ್ತೇಳು ಹತ್ತೊಂಬತ್ತು. ಇಳಿಜಾರಿನಲ್ಲಿ ಭಾರದ ಲಾರಿಯನ್ನು ಹೇಗೆ ಹಿಡಿಯಬೇಕೆಂದು ಅವನು ಒಂದೊಂದೇ ಅಕ್ಷರ ಒತ್ತಿ ಹೇಳಿಕೊಡುತ್ತಿದ್ದ. ಅವರು ಅವನನ್ನು ಸಾಲಿನ ಮುಂದಾಳು ಮಾಡಿದರು. ಹಿಮ ಬೀಳುವ ಯಾವುದೋ ದೇಶದ ನರ್ಸೊಬ್ಬಳು ಅವನಿಗೆ ಎಲ್ಲರಿಗಿಂತ ಹತ್ತಿರವಾದಳು. ಹಾಸಿಗೆ ಹುಣ್ಣಿಗೆ ಏನು ಮಾಡಬೇಕೆಂದು ಅವಳು ಹೇಳಿದ್ದನ್ನು ಕೋಡಕ್ಕ ಮಾಡಿ ನೋಡಿ, ಗುಣವೂ ಕಂಡಿದ್ದಳು. ಒಮ್ಮೆ ತಮಾಷೆಗೆ ತಮ್ಮ ಅವಳಿಗೆ ಬರೆದಿದ್ದ, ನಾನು ಒಂದು ವಾರ ಕಾಣದಿದ್ದರೆ ಲೆಕ್ಕದಿಂದ ತೆಗೆದುಬಿಡಿ ಎಂದು.

ಒಂದೇ ತೊಡಕು. ಪ್ರತಿಯೊಬ್ಬರ ಹೆಸರಿನ ಪಕ್ಕ ಅವರ ಖಾತೆಯ ದೇಶದ ಬಾವುಟ ಕಾಣುತ್ತದೆ. ತಮ್ಮನ ಪಕ್ಕ ಕಾಣುತ್ತಿದ್ದುದು ಅಗ್ಗದ ದೇಶದ ಬಾವುಟ.

"ಯಾವೂರು ಅಂತ ಕೇಳ್ತಿದಾರೆ. ಏನ್ ಹೇಳ್ಲಿ?" ಎಂದು ಅವನು ಮೊದಲ ವಾರವೇ ಕೇಳಿದ್ದ.

"ಲಾಡ್ಜ್ ಇರೋ ಊರೇ ಹೇಳು. ನಿಜ ಹೇಳಿದ್ರೆ ಖಾತೆ ಹೋಗುತ್ತೆ" ಎಂದಿದ್ದಳು ಅವಳು. ಅವನು ಹಾಗೇ ಹೇಳಿದ. ಅಲ್ಲಿ ಪ್ರವಾಹ ಬಂದಾಗ ಗೇಮಿನ ಗೆಳೆಯರು ಗಾಬರಿಯಿಂದ ವಿಚಾರಿಸಿದರು, ಅಲ್ಲಿಯ ಫುಟ್‌ಬಾಲ್ ತಂಡ ಗೆದ್ದಾಗ ಇವನಿಗೆ ಅಭಿನಂದನೆ ಹೇಳಿದರು. ಕಂಡು ಕೇಳರಿಯದ ದೇಶದ ಸುದ್ದಿಯನ್ನು ತಮ್ಮ ದಿನಾ ಓದಿಕೊಂಡು ಡ್ಯೂಟಿಗೆ ಹೋಗುತ್ತಿದ್ದ.

ಹೀಗಿರುವಾಗ ಗೇಮಿಗೆ ಹೊಸ ನಕ್ಷೆ ಬಂತು. ಅದರಲ್ಲಿ ಇವರದೇ ದೇಶದ, ಅವನು ಹದಿನೇಳು ವರ್ಷ ಲಾರಿ ಓಡಿಸಿದ ಅದೇ ಕಡಲ ಬದಿಯ ಹೆದ್ದಾರಿಯಿತ್ತು. ತಮ್ಮ ಕೊಳ್ಳಲು ಹೋದ. "ಇದು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎಂದು ಬಂತು. ಅಗ್ಗದ ದೇಶದಲ್ಲಿ ಅದನ್ನು ಮಾರುತ್ತಿರಲಿಲ್ಲ.

"ಆ ರೋಡ್ ಒಂದ್ಸಲ ನೋಡ್ಬೇಕು ಅಕ್ಕ" ಎಂದ.

ಒಂಬತ್ತು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕೋಡಕ್ಕ ಕೂತು ಅವನ ಖಾತೆಯ ದೇಶವನ್ನು ನಿಜವಾದ ದೇಶಕ್ಕೆ ಬದಲಾಯಿಸಿದಳು. ದುಬಾರಿ ಬೆಲೆಯನ್ನೇ ಕೊಟ್ಟರಾಯಿತು ಎಂದುಕೊಂಡಳು. ಮರುದಿನ ಖಾತೆಗೆ ಬೀಗ ಬಿದ್ದಿತ್ತು. ಹಿಂದಿನ ವಿಳಾಸದಲ್ಲಿ ವಾಸವಿದ್ದುದಕ್ಕೆ ಕರೆಂಟ್ ಬಿಲ್ಲನ್ನೋ ಬಾಡಿಗೆ ಕರಾರನ್ನೋ ಕಳಿಸಬೇಕಂತೆ.

ಮಳಿಗೆಯಿಂದ ಇಂಥ ಪತ್ರ ಬಂದರೆ ತುಟಿ ಬಿಚ್ಚಬಾರದು, ಖಾತೆಗೆ ಕೈ ಮುಗಿದು ಹೊಸದು ತೆರೆಯಬೇಕು. ಇದನ್ನು ಗಿರಾಕಿಗಳಿಗೆ ಪಾಠ ಮಾಡಿದವಳೇ ಅವಳು. ಆದರೆ ಇದು ತಮ್ಮನ ಖಾತೆ. ಅದರಲ್ಲಿ ಅವನ ಒಂಬತ್ತು ವರ್ಷದ ಸ್ನೇಹಿತರಿದ್ದರು. ಅವಳು ನಿಜವನ್ನೆಲ್ಲ ಬರೆದಳು. ತಮ್ಮ ಬಿದ್ದದ್ದು, ಮೂರು ಬೆರಳು, ಹೆದ್ದಾರಿ, ಎಲ್ಲ. ಇದರಲ್ಲಿ ಅವನ ತಪ್ಪೇನೂ ಇಲ್ಲ, ಆ ಲಾಡ್ಜಿನ ವಿಳಾಸ ನಾನೇ ಎಲ್ಲ ಗಿರಾಕಿಗಳಿಗೂ ಹಾಕಿಕೊಡುವಂಥದ್ದು, ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ, ದಯವಿಟ್ಟು ಅವನೊಬ್ಬನದು ತೆರೆದುಕೊಡಿ ಎಂದು ಕೇಳಿಕೊಂಡಳು. ಅವನನ್ನು ಬಿಡಿಸುವ ಭರದಲ್ಲಿ ಇಡೀ ರೂಮಿನ ಬಾಗಿಲನ್ನೇ ತೆರೆದು ತೋರಿಸಿದ್ದೇನೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಉತ್ತರ ಬಂತು. ಮಳಿಗೆಯವರ ಸೌಜನ್ಯಕ್ಕೇನೂ ಕೊರತೆಯಿಲ್ಲ. ಪ್ರಾಮಾಣಿಕತೆಗೆ ಧನ್ಯವಾದ ಹೇಳಿದ್ದರು, ತಮ್ಮನ ಆರೋಗ್ಯಕ್ಕೆ ಶುಭ ಹಾರೈಸಿದ್ದರು, ಎಲ್ಲ ಆಟಗಾರರಿಗೂ ನ್ಯಾಯ ಒದಗಿಸುವ ಸಲುವಾಗಿ ಖಾತೆಯನ್ನು ಶಾಶ್ವತವಾಗಿ ಮುಚ್ಚಿದ್ದರು. ಅದೇ ದಿನ ಹದಿನಾಲ್ಕನೇ ರೂಮಿನ ಮುನ್ನೂರು ಚಿಲ್ಲರೆ ಬಾಡಿಗೆದಾರರೂ ಬೀದಿಗೆ ಬಿದ್ದರು.

ಅಂಗಡಿಯ ಮುಂದೆ ಜನ ಸೇರಿದರು. ಡಾಕ್ಟರು ಏರುದನಿಯಲ್ಲಿ ಕೂಗಾಡಿದರು. ಕಾವಲುಗಾರ ಮಾತ್ರ ಅವಳ ಮುಖವನ್ನೊಮ್ಮೆ ನೋಡಿ ಹೊರಟುಹೋದ. ಕೂಗಾಟವನ್ನು ಅವಳು ತಡೆದುಕೊಳ್ಳಬಹುದಿತ್ತು, ಅವನ ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ. ಎರಡು ವಾರದಲ್ಲಿ ಅಂಗಡಿ ಜೆರಾಕ್ಸಿನವನ ಪಾಲಾಯಿತು.

ತಮ್ಮ ಮಾತ್ರ ಸಿಟ್ಟಾಗಲಿಲ್ಲ. "ಹೊಸದು ತೆರಿ ಅಕ್ಕ. ಈ ಸಲ ನಮ್ಮ ವಿಳಾಸಾನೇ ಹಾಕು. ನಾನೇ ಅಂತ ಹೇಳಿದ್ರೆ ಮುಗೀತಲ್ಲ" ಎಂದ. ಅವಳು ಅಂಗಡಿ ಬಿಟ್ಟುಕೊಟ್ಟು ಬಂದ ಹಣದಲ್ಲಿ ಗೇಮನ್ನೂ ಹೊಸ ನಕ್ಷೆಯನ್ನೂ ದುಬಾರಿ ಬೆಲೆಗೇ ಕೊಂಡಳು. ಹಳೆಯ ನಂಬರು ಸಿಗಲಿಲ್ಲ, ಅದು ಮುಚ್ಚಿದ ಖಾತೆಯ ಹೆಸರು. ಕೊನೆಗೊಂದು ಸೊನ್ನೆ ಸೇರಿಸಿಕೊಂಡ. ಹೆಸರಿನ ಪಕ್ಕದಲ್ಲಿ ಸ್ವಂತ ದೇಶದ ಬಾವುಟ ಬಂತು. ಹೊಸಬರಿಗೆ ಗೇಮಿನಲ್ಲಿ ಸಿಗುವ ಬಾಡಿಗೆಯ ಸಣ್ಣ ಲಾರಿಯಲ್ಲಿ, ಗೆಳೆಯರೆಲ್ಲ ಸೇರುವ ಡಿಪೋಗೆ ಹೋಗಿ, ನಾನೇ ನಲವತ್ತೇಳು ಹತ್ತೊಂಬತ್ತು ಎಂದು ಬರೆದ.

ಯಾರೂ ನಂಬಲಿಲ್ಲ. ಅವನ ದೇಶ ಬೇರೆ, ನಿನ್ನ ದೇಶ ಬೇರೆ ಎಂದರು. ಅವನು ಹಳೆಯದನ್ನೆಲ್ಲ ನೆನಪಿಸಿದ. ಯಾವ ತಿರುವಿನಲ್ಲಿ ಯಾರ ಲಾರಿ ಮಗುಚಿತ್ತು, ನರ್ಸಿನ ಬೆಕ್ಕು ಯಾವಾಗ ಸತ್ತಿತು, ಎಲ್ಲ ಹೇಳಿದ. ಖಾತೆ ಕದಿಯುವವರು ಹಳೆಯ ಸಂದೇಶಗಳನ್ನು ಓದಿಕೊಂಡೇ ಬರುತ್ತಾರೆ ಎಂದರು. ಕೊನೆಗೆ ಅವನು ಲಾಡ್ಜಿನ ವಿಷಯವನ್ನೂ ಹೇಳಿದ: ಆ ಊರನ್ನು ನಾನು ನೋಡಿಯೇ ಇಲ್ಲ, ಅದು ಸುಳ್ಳು ವಿಳಾಸ.

ನರ್ಸ್ ಬರೆದಳು, "ನಮ್ಮವನು ಒಂಬತ್ತು ವರ್ಷ ನಮಗೆ ಸುಳ್ಳು ಹೇಳುವಂಥವನಲ್ಲ. ದಯವಿಟ್ಟು ಅವನ ಹೆಸರು ಕೆಡಿಸಬೇಡಿ."

ಕೋಡಕ್ಕ ಪಕ್ಕದಲ್ಲೇ ಕೂತಿದ್ದಳು. ಆ ಸುಳ್ಳನ್ನು ಅವನ ಬಾಯಿಗಿಟ್ಟವಳು ತಾನು. "ತಪ್ಪಾಯ್ತು ಕಣೋ" ಎಂದಳು.

"ನಿಂದೇನು ತಪ್ಪು. ಎಲ್ರೂ ಮಾಡೋದನ್ನೇ ನೀನೂ ಮಾಡ್ದೆ" ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

ಹೊಸ ಹೆದ್ದಾರಿಯಲ್ಲಿ ಅವನು ಒಮ್ಮೆ ಒಂಟಿಯಾಗಿ ಹೋಗಿ ಬಂದ. ಹೇಗಿತ್ತು ಎಂದು ಕೇಳಿದ್ದಕ್ಕೆ, "ಚೆನ್ನಾಗಿ ಮಾಡಿದಾರೆ" ಎಂದಷ್ಟೇ ಹೇಳಿದ.

ಮರುವಾರ ನರ್ಸ್ ಎಲ್ಲರಿಗೂ ಕಾಣುವಂತೆ ಒಂದು ಪ್ರಕಟಣೆ ಹಾಕಿದಳು. ನಲವತ್ತೇಳು ಹತ್ತೊಂಬತ್ತು ತುಂಬ ಕಾಯಿಲೆಯವನು. ಒಂದು ವಾರ ಕಾಣದಿದ್ದರೆ ಲೆಕ್ಕದಿಂದ ತೆಗೆಯಿರಿ ಎಂದಿದ್ದ. ತಿಂಗಳಾಯಿತು. ಭಾನುವಾರ, ಅವನು ಬರುತ್ತಿದ್ದ ಹೊತ್ತಿಗೇ, ಅವನ ನೆನಪಿಗೆ ಎಲ್ಲರೂ ಲಾರಿ ತನ್ನಿ.

"ನೋಡೋದು ಬೇಡ ಕಣೋ" ಎಂದಳು ಕೋಡಕ್ಕ.

"ಅವರೆಲ್ಲ ಬಂದು ನಾನೊಬ್ಬ ಹೋಗದಿದ್ರೆ ಹೇಗೆ" ಎಂದು ಅವನು ನಕ್ಕ. ಪಟ್ಟಿ ಕಟ್ಟಲು ಹೇಳಿದ.

ನಲವತ್ತೊಂದು ಲಾರಿಗಳು ಬಂದಿದ್ದವು. ಪ್ರತಿ ಲಾರಿಯ ಗಾಜಿಗೂ ಅಗ್ಗದ ದೇಶದ ಬಾವುಟ ಅಂಟಿಸಿದ್ದರು. ದೀಪ ಹಾಕಿಕೊಂಡು, ಹಾರ್ನ್ ಹೊಡೆಯದೆ, ಮೆಲ್ಲಗೆ ಹೊರಟರು. ತಮ್ಮ ಬಾಡಿಗೆ ಲಾರಿಯಲ್ಲಿ ಎಲ್ಲರಿಗಿಂತ ಹಿಂದೆ ಸೇರಿಕೊಂಡ. ಸ್ವಲ್ಪ ದೂರ ಹೋದ ಮೇಲೆ ನರ್ಸ್ ಸಾಲು ನಿಲ್ಲಿಸಿ ಅವನನ್ನು ಕೇಳಿದಳು, ಈ ಸಲ ಸಿಟ್ಟಿಲ್ಲದೆ: "ನಿಜ ಹೇಳು. ನೀನು ಅವನಿಗೆ ಏನಾಗಬೇಕು?"

ತಮ್ಮ ಆ ಪ್ರಶ್ನೆಯನ್ನು ಎರಡು ಸಲ ಓದಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿದ. ಮನೆಯವನು ಎಂದು ಬರೆದ.

ಸಾಲಿನಲ್ಲಿದ್ದವರೆಲ್ಲ ಬದಿಗೆ ಸರಿದು ಅವನ ಸಣ್ಣ ಲಾರಿಗೆ ದಾರಿ ಬಿಟ್ಟರು, ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಒಬ್ಬೊಬ್ಬರಾಗಿ ಸಮಾಧಾನ ಹೇಳಿದರು. ಮೊದಲೇ ಹೇಳಬಾರದಿತ್ತೆ ಎಂದು ನರ್ಸ್ ಕ್ಷಮೆ ಕೇಳಿದಳು. "ಒಳ್ಳೆಯ ಮನುಷ್ಯ. ಕೊನೆಯ ದಿನಗಳಲ್ಲಿ ನೋವು ತಿಂದನೇ?" ಎಂದು ಕೇಳಿದಳು.

"ಇಲ್ಲ ಅಂತ ಬರಿ ಅಕ್ಕ. ನನ್ನ ಕೈಲಾಗ್ತಿಲ್ಲ" ಎಂದ ತಮ್ಮ.

ಕೋಡಕ್ಕ ಬರೆದಳು. ಆಮೇಲೆ ಅವನು ಹೇಳಿದಂತೆ ಪರದೆ ಆರಿಸಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಪಟ್ಟಿ ಕಟ್ಟಲು ಹೋದಾಗ ಅವನು ಸೂರು ನೋಡುತ್ತಿದ್ದ. ಮೂರೂ ಬೆರಳುಗಳನ್ನು ಅಂಗೈಯೊಳಗೆ ಬಿಗಿಯಾಗಿ ಮಡಚಿಕೊಂಡಿದ್ದ. ಬಿಡಿಸಲು ಅವಳಿಗೆ ಕೈ ಬರಲಿಲ್ಲ. ಗಂಜಿ ತರಲೇ ಎಂದು ಕೇಳಿದಳು. ಹೂಂ ಎಂದ.