ಸುಭಾಷನ ಖುರ್ಚಿ

ನಿಡೋಣಿಯ ಗೊಲ್ಲಾಳಪ್ಪ, ಬೋರವ್ವನವರ ಮಗ ಸುಭಾಷನಿಗೆ ಈಗ ಇಪ್ಪತ್ತಮೂರು ವರ್ಷ. ಸೊಲ್ಲಾಪುರ ರಸ್ತೆಯ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನು ಓಡಾಡುವುದನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಏಕೆಂದರೆ ಅವನನ್ನು ಒಂದೆಡೆ ಕುಳ್ಳಿರಿಸಲು ನಮ್ಮೂರು ವರ್ಷಗಟ್ಟಲೆ ಪಟ್ಟ ಶ್ರಮ ಅಷ್ಟಿಷ್ಟಲ್ಲ.

ಸುಭಾಷನಿಗೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶ ಅವನಲ್ಲಿ ಹುಟ್ಟಿನಿಂದಲೇ ಕಡಿಮೆ. ಗಾಯವಾದರೆ ರಕ್ತ ಬೇಗ ನಿಲ್ಲದು. ಗಾಯವೇ ಇಲ್ಲದೆ ಮೊಣಕಾಲಿನೊಳಗೆ ಸೋರುವುದೂ ಉಂಟು. ಬೋರವ್ವನ ತಮ್ಮ ಹಲ್ಲು ಕೀಳಿಸಿಕೊಂಡು ಬಂದು ರಕ್ತ ನಿಲ್ಲದೆ ಮೂರನೆಯ ದಿನ ತೀರಿಕೊಂಡಿದ್ದ. ಆದ್ದರಿಂದ ಅವಳ ಅಂಜಿಕೆಯನ್ನು ನಾನು ಹಾಸ್ಯ ಮಾಡಲಾರೆ. ಹಾಸ್ಯಕ್ಕೆ ಯೋಗ್ಯರು ಉಳಿದ ನಾವೆಲ್ಲರೂ.

ಮೊದಲನೆಯವನು ನಾನೇ, ಅವನ ಶಾಲೆಯ ಮಾಸ್ತರ. ಆಟದ ಅವಧಿಯಲ್ಲಿ ಹುಡುಗರು ಮೈದಾನಕ್ಕೆ ಓಡಿದಾಗ, ಶಾಲೆಯ ಕೋಣೆಯಿಂದ ಕೈಯಿರುವ ಖುರ್ಚಿಯೊಂದನ್ನು ತರಿಸಿ ಬೇವಿನ ಮರದ ಕೆಳಗೆ ಹಾಕಿಸಿದೆ. “ಇಲ್ಲೇ ಕುಂದ್ರು, ಉಳಿದವರ ಆಟ ನೋಡು” ಎಂದೆ. ನೋಡಿ ನೋಡಿ ಬೇಸತ್ತಾನೆಂದು ಚಪ್ಪಲಿ ಕಾಯುವ ಕೆಲಸವನ್ನೂ ಕೊಟ್ಟೆವು. ಆ ವರ್ಷದ ಕ್ರೀಡಾ ದಿನದಂದು ‘ಉತ್ತಮ ಶಿಸ್ತು’ ಎಂದು ಬರೆದ ಬಹುಮಾನದ ಕಪ್ಪು ಅವನಿಗೇ ಬಂತು. ಇಡೀ ದಿನ ಕದಲದೆ ಕುಳಿತವನಿಗೆ ಕ್ರೀಡಾ ದಿನದ ಕಪ್ಪು! ನಾವೆಲ್ಲರೂ ಕಣ್ಣು ಒದ್ದೆ ಮಾಡಿಕೊಂಡು ಚಪ್ಪಾಳೆ ತಟ್ಟಿದೆವು.

ಶಾಲೆಯಲ್ಲಿ ಹತ್ತಿದ ಈ ಚಟ ಊರಿಗೂ ಹತ್ತಿತು. ಮದುವೆಯಲ್ಲಿ ಅವನಿಗೆ ಹಿರಿಯರ ಸಾಲಿನಲ್ಲಿ ಖುರ್ಚಿ. ಬಬಲೇಶ್ವರದ ಬಸ್ಸಿನಲ್ಲಿ ಎಪ್ಪತ್ತರ ಮುದುಕರು ಎದ್ದು ಹದಿಮೂರರ ಹುಡುಗನಿಗೆ ಜಾಗ ಬಿಡುತ್ತಿದ್ದರು. ಓರಗೆಯವರು ಅವನನ್ನು ‘ಅಜ್ಜಾ’ ಎಂದೇ ಕರೆಯತೊಡಗಿದರು.

ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಆ ಖುರ್ಚಿಯಲ್ಲಿ ಕುಳಿತಿದ್ದಾಗಲೇ, ಅವನ ಬಲಮೊಣಕಾಲು ಬಾತುಕೊಂಡಿತು. “ಓಡಬ್ಯಾಡ, ನಡೀಬ್ಯಾಡ” ಎಂದು ಹಗಲೆಲ್ಲ ಹೇಳುತ್ತಿದ್ದ ಅವನ ದೊಡ್ಡಪ್ಪನೇ ಹುಡುಗನನ್ನು ತಿಕೋಟಾಕ್ಕೆ ಒಯ್ದು, ಎಣ್ಣೆ ಹಚ್ಚಿ ಕಾಲು ತಿಕ್ಕುವವನೊಬ್ಬನ ಮುಂದೆ ಮಲಗಿಸಿದ. ನಡೆದರೆ ಅಪಾಯವಂತೆ, ಇಬ್ಬರು ಅದುಮಿ ಹಿಡಿದು, ಮೂರನೆಯವನು ಬಾತ ಮೊಣಕಾಲ ಗಂಟನ್ನು ಬಲವಾಗಿ ತಿಕ್ಕಿದರೆ ಏನೂ ಆಗದಂತೆ! ಸಂಜೆಗೆ ಮೊಣಕಾಲು ಕುಂಬಳಕಾಯಿಯಷ್ಟಾಯಿತು. ಹತ್ತು ದಿನ ವಿಜಯಪುರದ ದವಾಖಾನೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಆ ಅಂಶದ ಸೂಜಿ ಚುಚ್ಚಿಸಿಕೊಂಡ ಮೇಲೆ ಬಾವು ಇಳಿಯಿತು. ಕಾಲು ಮಾತ್ರ ನೆಟ್ಟಗಾಗಲಿಲ್ಲ.

ಅಲ್ಲಿಯ ಜಲನಗರದಲ್ಲಿ ರೂಪಾಲಿ ಎಂಬ ಫಿಜಿಯೋಥೆರಪಿಸ್ಟ್ ಇದ್ದಳು. ತಂದೆತಾಯಿಗಳ ಜೊತೆಗೆ ನಾನೂ ಹೋದೆ. ಅವಳು ಸುಭಾಷನ ಸೊರಗಿದ ತೊಡೆಯನ್ನು ಮುಟ್ಟಿ ನೋಡಿದಳು.

“ಆಡಿದ್ರ ರಕ್ತ ಸೋರ್ತದಂತ ಅಂಜಿ ಕುಂದ್ರಸೇವ್ರಿ, ಬಾಯಾರ” ಎಂದಳು ಬೋರವ್ವ.

“ಈಗ ಕುಂತಲ್ಲೇ ಸೋರೇದಲ್ರಿ, ಅವ್ವಾರ? ಗಂಟನ್ನ ಹಿಡದ ನಿಲ್ಲಸಾಕ ತೊಡಿಯಾಗ ಶಕ್ತಿ ಬೇಕು. ಇನ್ನಾರು ತಿಂಗಳ ಹಿಂಗ ಕುಂತ್ರ ಇಂವಾ ಜೀವನಪೂರ್ತಿ ಕೋಲು ಹಿಡದ ನಡೀಬೇಕಾಗ್ತದ. ಕುಸ್ತಿ, ಕಬಡ್ಡಿ ಬ್ಯಾಡ. ಈಸಲಿ, ಆಮ್ಯಾಲ ಸೈಕಲ್ ಹೊಡೀಲಿ. ಡಾಕ್ಟರು ಹೇಳಿದ ದಿನ ಮೊದಲ ಸೂಜಿ, ಆಮ್ಯಾಲ ನೀರು. ಅಲ್ರಿ, ಇವಗ ಖುರ್ಚಿ ಕೊಟ್ಟಾವ್ರು ಯಾರು?”

ಮೂವರೂ ನನ್ನ ಕಡೆಗೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದೆ.

ಎರಡು ತಿಂಗಳು ಮನೆಯಲ್ಲೇ ವ್ಯಾಯಾಮ ನಡೆಯಿತು. ಕಾಲನ್ನು ಮೆಲ್ಲಗೆ ಚಾಚಿ, ಎತ್ತಿ, ಹತ್ತು ಎಣಿಸುವವರೆಗೆ ಹಿಡಿಯಬೇಕು. ಎಣಿಸುವವನು ಗೊಲ್ಲಾಳಪ್ಪ. ಕುರಿ ಎಣಿಸಿದ ಬಾಯಿ ಅದು. ಎರಡು, ನಾಲ್ಕು, ಆರು ಎಂದು ಜೋಡಿ ಜೋಡಿಯಾಗಿ ಹಾರಿ ಅರ್ಧ ಹೊತ್ತಿನಲ್ಲೇ ಹತ್ತನ್ನು ಮುಟ್ಟುತ್ತಿತ್ತು.

“ಯಪ್ಪಾ, ನಾ ಏನ್ ಕುರಿ ಹಿಂಡೇನು? ಒಂದೊಂದ ಎಣಸು!”

“ನಿನಗ ತ್ರಾಸ ಆಗಬಾರದಂತ ಲಗೂ ಮುಗಸ್ತೇನಲೇ.”

“ಎಲ್ಲಾರೂ ತ್ರಾಸ ಆಗಬಾರದಂತ ಮಾಡೇ ಹಿಂಗಾಗೇದ!”

ಕಾಲು ಬಹುಮಟ್ಟಿಗೆ ನೆಟ್ಟಗಾದ ಮೇಲೆ ರೂಪಾಲಿ ಈಜಲು ಒಪ್ಪಿದಳು. ಅವರ ಹೊಲದ ಬಾವಿಗೆ ಮೂವತ್ತನಾಲ್ಕು ಮೆಟ್ಟಿಲು. ಅಂದು ಬೆಳಿಗ್ಗೆ ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದ ಸುಭಾಷ ತೇಲಲೆಂದು ಬೆನ್ನಿಗೆ ಬೆಂಡು ಕಟ್ಟಿಸಿಕೊಂಡ. ತಂದೆ ಮೊದಲೇ ನೀರಿಗಿಳಿದಿದ್ದ. ಬಾವಿಯ ಸುತ್ತ ಊರೇ ನೆರೆದಿತ್ತು. ನಾನೂ ಬರಿಗೈಯಲ್ಲಿ ಹೋಗಿರಲಿಲ್ಲ: ದಣಿದು ಬಂದವನು ಕೂಡಲಿ ಎಂದು ಶಾಲೆಯ ಅದೇ ಖುರ್ಚಿಯನ್ನು ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಹೋಗಿದ್ದೆ.

“ಅಜ್ಜಾ, ಮ್ಯಾಲಿಂದ ಹಾರಲೇ!” ಎಂದು ಹುಡುಗರು ಕೂಗಿದರು.

“ನಿಮ್ಮಜ್ಜ ಮೆಟ್ಟಲಾ ಇಳದ ಹೋಗ್ತಾನ” ಎಂದು ಸುಭಾಷ ಒಂದೊಂದೇ ಮೆಟ್ಟಿಲಿಳಿದ. ತಂದೆಯ ಜೊತೆ ನಾಲ್ಕು ಸುತ್ತು ಈಜಿದ. ಉಳಿದದ್ದು ಹತ್ತುವುದು. ಕೋಲೋ ಕಾಲೋ ಎಂಬುದು ಅಲ್ಲಿ ತಿಳಿಯಬೇಕಿತ್ತು.

“ಬಾ, ಹೊತ್ತಗೊಂಡ ಹೋಗ್ತೇನಿ” ಎಂದ ಗೊಲ್ಲಾಳಪ್ಪ.

“ನೀ ಎಣಸು, ಸಾಕು.”

ಒಂದು, ಎರಡು, ಮೂರು. ಹದಿನೆಂಟರಲ್ಲಿ ಅವನು ಗೋಡೆ ಹಿಡಿದು ನಿಂತ. “ಖುರ್ಚಿ ಕೆಳಗ ಒಯ್ಯೂಣೇನ್ರಿ?” ಎಂದು ದೊಡ್ಡಪ್ಪ ನನ್ನನ್ನು ಕೇಳಿದ. ಬೋರವ್ವ ಅವನನ್ನು ನೋಡಿದ ನೋಟಕ್ಕೆ ನಾನೂ ಖುರ್ಚಿಯಿಂದ ಕೈ ತೆಗೆದೆ. ಹತ್ತೊಂಬತ್ತು. ಇಪ್ಪತ್ತು. ಈ ಸಲ ಗೊಲ್ಲಾಳಪ್ಪ ಒಂದನ್ನೂ ಹಾರಿಸಲಿಲ್ಲ.

ಮೂವತ್ತನಾಲ್ಕು. ಬೋರವ್ವ ಕೈಯ ಹಿಂಭಾಗವನ್ನು ಮಗನ ಮೊಣಕಾಲಿಗೆ ತಾಗಿಸಿದಳು. ಬಿಸಿ ಇರಲಿಲ್ಲ, ಬಾವೂ ಇರಲಿಲ್ಲ. “ಏನೂ ಆಗಿಲ್ಲ” ಎಂದು ತನಗೆ ತಾನೇ ಹೇಳಿಕೊಂಡಳು.

ಸುಭಾಷ ಮೈ ಒರೆಸಿಕೊಂಡು ಒದ್ದೆ ಟಾವೆಲನ್ನು ಖುರ್ಚಿಯ ಮೇಲೆ ಹರವಿದ. ನನ್ನನ್ನು ನೋಡಿ ಟಾವೆಲನ್ನು ತುಸು ಸರಿಸಿದ.

“ಸರ, ನೀವು ಕುಂದರ್ರಿ. ಭಾಳ ಹೊತ್ತ ನಿಂತೀರಿ, ಕಾಲು ಹಿಡದಿರಬೇಕು.”

ಹಿಡಿದಿದ್ದವು. ಕುಳಿತೆ. ಹುಡುಗರು ಚಪ್ಪಾಳೆ ತಟ್ಟಿದರು.