ಬಿಸಿಲಿಗೆ ಹಾಕಿ ಮರೆತ ಬೊಂತೆ

ದೆವ್ವ, ಗಾಳಿ, ಸತ್ತವರು ಬಂದು ಮಾತಾಡುವುದು, ಇಂಥದ್ದನ್ನು ನಾನು ಯಾವತ್ತೂ ನಂಬಿದವಳಲ್ಲ. ನಮ್ಮದು ಸಾಸಲು ಹೋಬಳಿಯ ಒಂದು ಸಣ್ಣ ಹಳ್ಳಿ. ಹುಣಸೆ ಮರದ ಕೆಳಗೆ ಬಿಳಿ ಸೀರೆಯವಳು ನಿಂತಿದ್ದಳು ಎಂದು ಪಕ್ಕದ ಮನೆ ಗೌರಕ್ಕ ಹೇಳಿಕೊಂಡು ಬಂದರೆ, "ಅವಳನ್ನ ನಾಳೆ ನಮ್ಮ ಹೊಲಕ್ಕೆ ಕಳ್ಸು ಗೌರಕ್ಕ, ಕಳೆ ಕೀಳೋಕೆ ಒಂದಾಳು ಸಿಕ್ತಿಲ್ಲ" ಎಂದು ನಗುತ್ತಿದ್ದೆ. ಸತ್ತವರು ಸತ್ತರು, ಬದುಕಿದವರಿಗೆ ಬೆಳಗಾದರೆ ಕೆಲಸ ಇದ್ದೇ ಇದೆ ಎನ್ನುವ ಜಾತಿ ನಾನು. ನಾಲ್ಕು ವರ್ಷದ ಹಿಂದೆ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ಇನ್ನೊಬ್ಬರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನನ್ನ ಮೊಮ್ಮಗಳು ರಕ್ಷಿತಾಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಅನ್ನ ಅರಗುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಮನೆಗೆ ಪಂಚಾಂಗ ಬಿಟ್ಟು ಬೇರೆ ಪುಸ್ತಕ ಬಂದದ್ದಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಈ ಹುಡುಗಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳನ್ನು ಕಡಲೆಕಾಯಿ ಬಿಡಿಸಿ ತಿಂದ ಹಾಗೆ ಓದಿ ಮುಗಿಸುತ್ತಾಳೆ. ದೊಡ್ಡಬಳ್ಳಾಪುರದ ಕಾಲೇಜಿನಿಂದ ಬಸ್ಸಿಳಿದು ಬರುವಾಗಲೂ ಕೈಯಲ್ಲಿ ಪುಸ್ತಕ. ಅವಳು ನಡೆದು ಬರುವುದನ್ನು ಜಗಲಿಯಲ್ಲಿ ಕೂತು ನೋಡುವುದೇ ನನಗೆ ಒಂದು ಹಬ್ಬ.

ಆ ವರ್ಷ ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದರಲ್ಲಿ ಪೊರೆ ಬಲಿತು ಬರೀ ಬೆಳಕು ಕಾಣುತ್ತಿತ್ತು. ಕಪ್ಪು ಕನ್ನಡಕ ಹಾಕಿಸಿ, ಟೀವಿ ನೋಡಬಾರದು, ಬಗ್ಗಬಾರದು, ಒಲೆ ಮುಂದೆ ನಿಲ್ಲಬಾರದು ಎಂದು ಕಳಿಸಿದರು. ಮಗ ಸೊಸೆ ಇಬ್ಬರೂ ಬೆಳಗ್ಗೆ ಸೋಂಪುರದ ಫ್ಯಾಕ್ಟರಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನಮ್ಮ ಯಜಮಾನರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಕಾಲೇಜಿಗೆ ರಜ ಇದ್ದದ್ದರಿಂದ ರಕ್ಷಿತಾ ನನ್ನ ಕಾವಲಿಗೆ ಉಳಿದಳು. ಮೊದಲ ದಿನವೇ ನನ್ನ ಗೊಣಗಾಟ ತಾಳಲಾರದೆ, "ಅಜ್ಜೀ, ಸುಮ್ನೆ ಮಲ್ಕೊ, ನಾನೊಂದು ಕತೆ ಓದ್ತೀನಿ. ಆದ್ರೆ ಮಧ್ಯ ಬಾಯಿ ಹಾಕ್ಬಾರ್ದು" ಎಂದಳು. "ಹಾಕಿದ್ರೆ?" ಎಂದೆ. "ಎದ್ದು ಹೋಗ್ತೀನಿ, ನೀನು ಗೋಡೆ ನೋಡ್ಕೊಂಡಿರು" ಎಂದಳು. ಗೋಡೆ ನೋಡಲೂ ಕಣ್ಣಿಲ್ಲವಲ್ಲ ಎಂದು ಇಬ್ಬರೂ ನಕ್ಕೆವು.

ಅದು ಯಾವುದೋ ಹೊರದೇಶದ ಕಾದಂಬರಿ, ಕನ್ನಡಕ್ಕೆ ತಂದದ್ದು. ಅದರಲ್ಲೂ ಒಬ್ಬಳು ಅಜ್ಜಿ, ಒಬ್ಬಳು ಮೊಮ್ಮಗಳು. ಅಜ್ಜಿ ತನ್ನ ಬಾಲ್ಯದ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಅವಳು ಸತ್ತ ಮೇಲೆ ಮೊಮ್ಮಗಳು ಹುಡುಕುತ್ತಾ ಹೋಗುತ್ತಾಳೆ. ಅಜ್ಜಿ ಯಹೂದಿ ಜನದವಳು, ಚಿಕ್ಕವಳಿದ್ದಾಗ ಅವಳ ಮನೆಯವರನ್ನೆಲ್ಲ ಹಿಟ್ಲರನ ಜನ ರೈಲಿಗೆ ತುಂಬಿ ಬೇಲಿ ಹಾಕಿದ ಜಾಗದಲ್ಲಿಟ್ಟು ಕೊಂದರು, ಇವಳೊಬ್ಬಳು ಉಳಿದಳು ಎಂದು ಒಂದೊಂದಾಗಿ ಗೊತ್ತಾಗುತ್ತದೆ. ಹಿಟ್ಲರ್ ಎಂದರೆ ಮನೆಯಲ್ಲಿ ಜೋರು ಮಾಡುವವರಿಗೆ ತಮಾಷೆಗೆ ಹೇಳುವ ಮಾತು ಎಂದೇ ನಾನು ತಿಳಿದಿದ್ದೆ. ಯಜಮಾನರಿಗೆ ಎಷ್ಟೋ ಸಲ ಹೇಳಿದ್ದೆ. ಆ ಹೆಸರಿನ ಹಿಂದೆ ಇಷ್ಟು ಹೆಣ ಇದೆ ಎಂದು ಗೊತ್ತಿರಲಿಲ್ಲ. ಮತ್ತೆ ಆ ಮಾತನ್ನು ನಗೆಗೆ ಬಳಸಿಲ್ಲ.

ಎರಡನೇ ದಿನ ಕತೆಯಲ್ಲಿ ಒಂದು ಸಂಗತಿ ಬಂತು. ಆ ಅಜ್ಜಿ ಮನೆ ತುಂಬ ಊಟ ಇದ್ದರೂ ರೊಟ್ಟಿಯ ಚೂರು ಒಣಗಿಸಿ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳಂತೆ. ನಾನು ನಗಲು ಹೋದೆ. ಅಷ್ಟರಲ್ಲಿ ನಮ್ಮತ್ತೆ ನೆನಪಾದರು.

ನಮ್ಮತ್ತೆ ಮುದ್ದೆ ಮುರಿಯುವ ಮೊದಲು ಒಂದು ಚೂರು ತೆಗೆದು ಸೆರಗಿಗೆ ಗಂಟು ಹಾಕುತ್ತಿದ್ದರು. ಆಮೇಲೆ ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿ ಡಬ್ಬಕ್ಕೆ ಹಾಕುವರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ತವರಿನವರ ಎದುರಿಗೂ ಹಾಗೇ ಮಾಡಿದರು. ನನ್ನ ಅಮ್ಮ ಮುಖ ತಿರುಗಿಸಿದ್ದು ನೋಡಿ ಭೂಮಿಗೆ ಇಳಿದುಹೋದೆ. ಒಂದು ದಿನ ಅವರು ಹೊಲದಲ್ಲಿದ್ದಾಗ ಆ ಡಬ್ಬ ತೆಗೆದು ಕೋಳಿಗೆ ಸುರಿದೆ. ಅವರು ಬಂದರು. ಕೋಳಿಗಳು ಕುಕ್ಕುವುದನ್ನು ನಿಂತು ನೋಡಿದರು. ಬೈಯಲಿಲ್ಲ. "ಹೋಗ್ಲಿ ಬಿಡು ಹುಡುಗೀ. ನೀನು ಹಸಿವು ಕಂಡೋಳಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ನನ್ನ ತವರು ಸ್ವಲ್ಪ ಅನುಕೂಲಸ್ಥರು. ಅದಕ್ಕೇ ಚುಚ್ಚಿದರು ಎಂದುಕೊಂಡೆ. ಆಮೇಲೆ ಒಂದೇ ಸೂರಿನ ಕೆಳಗೆ ಮೂವತ್ತು ವರ್ಷ ಬಾಳಿದೆವು. ಅವರು ಡಬ್ಬ ಇಡಲಿಲ್ಲ, ನಾನು ತಪ್ಪಾಯಿತು ಎನ್ನಲಿಲ್ಲ. ಅವರು ಹೋದ ಮೇಲೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ನನ್ನನ್ನು ಕ್ಷಮಿಸಿದ್ದರೋ ಇಲ್ಲವೋ ಎಂದು ಕೇಳೋಣವೆಂದರೆ ಯಾರನ್ನು ಕೇಳಲಿ?

ಮೂರನೇ ದಿನ ಮಧ್ಯಾಹ್ನ. ಕತೆಯಲ್ಲಿ ಮೊಮ್ಮಗಳು ಅಜ್ಜಿಯ ಬೀರುವಿನಲ್ಲಿ ಒಂದು ಹಳೇ ಕೋಟು ನೋಡುತ್ತಾಳೆ, ಅಷ್ಟರಲ್ಲಿ ರಕ್ಷಿತಾಳಿಗೆ ಫೋನು ಬಂತು. ಪುಸ್ತಕ ಮಗುಚಿಟ್ಟು ಅಂಗಳಕ್ಕೆ ಹೋದಳು. ನಾನು ಕನ್ನಡಕದ ಕತ್ತಲೆಯಲ್ಲಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಅಂಗಳದಲ್ಲಿ ಅವಳು ಗೆಳತಿಗೆ "ನೋಟ್ಸ್ ಕೊಡಲ್ಲ ಹೋಗೇ" ಎಂದು ರೇಗಿಸುವುದು ಕೇಳುತ್ತಿತ್ತು. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ಸೌದೆ ಹೊಗೆಯಲ್ಲಿ ಒಣಗಿದ ಮುದ್ದೆಯ ವಾಸನೆ. ನಮ್ಮ ಮನೆಗೆ ಗ್ಯಾಸು ಬಂದು, ಸೌದೆ ಒಲೆ ಒಡೆದು ಎಷ್ಟೋ ವರ್ಷವಾಗಿದೆ. ಮಂಚದ ಕಾಲುದೆಸೆಯಲ್ಲಿ ಯಾರೋ ಕೂತ ಹಾಗೆ ನುಲಿಯ ಹಗ್ಗ ಸ್ವಲ್ಪ ಜಗ್ಗಿತು. "ಅಂಚು ಬಿಚ್ಚು ಅಂತ ಹೇಳು ಹುಡುಗೀ. ಎಡಗಡೆ ಮೂಲೆ. ಒಳಗೆ ತಿನ್ನೋದಿದೆ, ಮಗೂದು ಸಾಮಾನಿದೆ" ಎಂಬ ಮಾತು ಕೇಳಿತು. ಕಿವಿಯಲ್ಲಿ ಕೇಳಿತೋ ಎದೆಯಲ್ಲಿ ಕೇಳಿತೋ ಹೇಳಲಾರೆ. ಹೆದರಿಕೆ ಆಗಲಿಲ್ಲ. ಅದೇ ನನಗೆ ಇವತ್ತಿಗೂ ಆಶ್ಚರ್ಯ.

ರಕ್ಷಿತಾ ಒಳಗೆ ಬಂದು ಪುಸ್ತಕ ತೆಗೆದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಆ ಕೋಟಿನ ಅಂಚು ಬಿಚ್ಚಬೇಕಂತೆ. ಎಡಗಡೆ ಮೂಲೆ. ಒಳಗೆ ತಿನ್ನೋದು ಏನೋ ಇದೆ, ಒಂದು ಮಗೂದು ಸಾಮಾನೂ ಇದೆ."

"ಬಾಯಿ ಹಾಕ್ಬೇಡ ಅಂದಿದ್ದೆ" ಎಂದು ಓದಲು ಶುರು ಮಾಡಿದಳು. ಎರಡು ಪುಟ ಓದಿದಳು. ದನಿ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಪುಸ್ತಕದಲ್ಲಿ ಮೊಮ್ಮಗಳು ಕೋಟಿನ ಎಡ ಮೂಲೆ ಬಿಚ್ಚಿದ್ದಳು. ಒಳಗೆ ಕಲ್ಲಾದ ರೊಟ್ಟಿ ಚೂರು, ಪುಟ್ಟ ಹುಡುಗಿಯ ಜಡೆಗೆ ಕಟ್ಟುವ ಟೇಪು.

"ಅಜ್ಜೀ, ಯಾರ್ ಹೇಳಿದ್ದು ನಿಂಗೆ? ನಾನೇ ಇನ್ನೂ ಓದಿಲ್ಲ ಕಣಜ್ಜೀ ಇದನ್ನ!" ಎಂದು ನನ್ನ ಕೈ ಹಿಡಿದಳು. ಆಗ ನನಗೆ ಹೊಳೆಯಿತು. ಈ ಲೋಕದಲ್ಲಿ ನನ್ನನ್ನು "ಹುಡುಗೀ" ಎಂದು ಕರೆದವರು ಒಬ್ಬರೇ. "ಅಟ್ಟದ ಮೇಲೆ ಒಂದು ಮೂಟೆ ಇದೆ. ಇಳಿಸು" ಎಂದೆ.

ಆ ಮೂಟೆಯಲ್ಲಿದ್ದದ್ದು ಅತ್ತೆಯ ಬೊಂತೆ. ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಗೆ ನಮ್ಮ ಕಡೆ ಹಾಗನ್ನುತ್ತೇವೆ. ಡಬ್ಬ ಸುರಿದ ಮಾರನೇ ತಿಂಗಳು ಅದನ್ನು ಹೊಲಿಯಲು ಕೂತಿದ್ದರು. ಸಾಯುವವರೆಗೂ ಮಡಿಚಿ ತಲೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಯಾರಿಗೂ ಮುಟ್ಟಲು ಬಿಡರು, ನೀರಿಗೆ ಹಾಕರು, ತಾವೇ ಬಿಸಿಲಿಗೆ ಹರವಿ ಕೊಡವುವರು. ಸತ್ತವರ ಚಾಪೆ, ಹಾಸಿಗೆಯನ್ನು ಹೆಣದ ಜೊತೆಗೇ ಹೊರಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ಅತ್ತೆ ಪ್ರಾಣ ಬಿಟ್ಟ ದಿನ ಈ ಬೊಂತೆ ಹಿತ್ತಲಲ್ಲಿ ಹುಲ್ಲಿನ ಬಣವೆಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಗಲಾಟೆಯಲ್ಲಿ ಎಲ್ಲರೂ ಮರೆತೆವು. ಮೂರು ದಿನದ ಮೇಲೆ ಕಣ್ಣಿಗೆ ಬಿತ್ತು. ಇಟ್ಟುಕೊಂಡರೆ ಕೇಡು ಎಂದು ಹಿರಿಯರು ಬೈದರು. ಆದರೂ ಎಸೆಯಲು ನನಗೆ ಕೈ ಬರಲಿಲ್ಲ, ಹಾಸಿಕೊಳ್ಳಲು ಧೈರ್ಯವೂ ಬರಲಿಲ್ಲ. ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆ.

ರಕ್ಷಿತಾ ಎಡ ಮೂಲೆಯ ಹೊಲಿಗೆ ಬಿಚ್ಚಿದಳು. ನಾನು ಅಂಗೈ ಒಡ್ಡಿದೆ. ಒಂದು ಹಿಡಿ ರಾಗಿ ಸುರಿಯಿತು, ಹುಳ ಹಿಡಿಯದ, ಗಟ್ಟಿ ಕಾಳು. ಅದರ ಜೊತೆ ಬೆರಳಿಗೆ ಸಿಕ್ಕಿದ್ದು ಪುಟ್ಟ ಮಗುವಿನ ಒಂದೇ ಒಂದು ಕಾಲ್ಗಡಗ.

ಕಣ್ಣು ಸುಧಾರಿಸಿದ ಮೇಲೆ ಅದನ್ನು ತೆಗೆದುಕೊಂಡು ಹೊಸಕೋಟೆಗೆ ಹೋದೆವು. ಅಲ್ಲಿ ಅತ್ತೆಯ ಚಿಕ್ಕಮ್ಮನ ಮಗ ಇದ್ದರು, ನಮಗೆ ಹೊಸಕೋಟೆ ಮಾವ. ತೊಂಬತ್ತರ ಹತ್ತಿರ ವಯಸ್ಸು. ಅತ್ತೆ ಬೆಳೆದದ್ದು ಅವರ ಮನೆಯಲ್ಲೇ. ಹೆತ್ತವರು ಜ್ವರದಲ್ಲಿ ಹೋದರು ಎಂದು ಅತ್ತೆ ಹೇಳುತ್ತಿದ್ದರು, ಅವರ ಮಗನಾದ ನಮ್ಮ ಯಜಮಾನರಿಗೂ ಗೊತ್ತಿದ್ದದ್ದು ಅಷ್ಟೇ. ಮಾವ ಕಡಗವನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಲ್ಲಿ ಒರೆಸಿದರು.

"ಹೇಳ್ಬಾರ್ದು ಅಂತ ನಮ್ಮವ್ವ ಅವಳ ಕೈಲಿ ಆಣೆ ಹಾಕ್ಸಿದ್ಲು ಕಣಮ್ಮ. ಈಗ ಆಣೆ ಹಾಕ್ಸಿದೋಳೂ ಇಲ್ಲ, ಹಾಕಿದೋಳೂ ಇಲ್ಲ" ಎಂದು ಶುರು ಮಾಡಿದರು. ಅತ್ತೆಯ ಅಪ್ಪ ರಂಗೂನಿನಲ್ಲಿ ಮರದ ಮಿಲ್ಲಿನಲ್ಲಿದ್ದರಂತೆ. ಹಿಟ್ಲರನ ಕಾಲದ ಅದೇ ಯುದ್ಧ ಅಲ್ಲಿಗೂ ಬಂದು ಬಾಂಬು ಬಿದ್ದಾಗ ಸಾವಿರಾರು ಜನದ ಜೊತೆ ಕಾಡು ಬೆಟ್ಟ ಹತ್ತಿ ನಡೆದೇ ಹೊರಟರಂತೆ. ಅಪ್ಪ, ಅಮ್ಮ, ಒಬ್ಬ ಅಣ್ಣ, ಅತ್ತೆ, ಪುಟ್ಟ ತಂಗಿ. ಊರು ಮುಟ್ಟಿದ್ದು ಹತ್ತು ವರ್ಷದ ಅತ್ತೆ ಒಬ್ಬರೇ. ತಂಗಿಯನ್ನು ಕೊನೆಯಲ್ಲಿ ಇವರೇ ಬೆನ್ನಿಗೆ ಕಟ್ಟಿಕೊಂಡು ನಡೆದರು. ಯಾರೋ ಪುಣ್ಯಾತ್ಮರು ಒಂದು ಹಿಡಿ ಅನ್ನ ಕೊಟ್ಟರು. ತಂಗಿ ನಿದ್ದೆಯಲ್ಲಿದ್ದಾಳೆ, ಎದ್ದ ಮೇಲೆ ಕೊಡೋಣ ಎಂದು ಸೆರಗಿಗೆ ಗಂಟು ಹಾಕಿದರು. ತಂಗಿ ಏಳಲಿಲ್ಲ.

"ಕಾಡಲ್ಲಿ ಗುರುತಿಲ್ದೋರ ಜೊತೆ ತಿಂಗಳುಗಟ್ಟಲೆ ನಡ್ದು ಬಂದ ಹೆಣ್ಣು ಅಂದ್ರೆ ಯಾರು ಮದ್ವೆ ಆಗ್ತಾರೆ ಅಂತ ನಮ್ಮವ್ವಂಗೆ ಭಯ. ಅದಕ್ಕೇ ಬಾಯಿ ಕಟ್ಟಿದ್ಲು" ಎಂದರು ಮಾವ. ನಾನು ತಲೆ ತಗ್ಗಿಸಿ, ಡಬ್ಬ ಕೋಳಿಗೆ ಸುರಿದದ್ದನ್ನೂ ಅತ್ತೆ ಆಡಿದ ಮಾತನ್ನೂ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ. ಮಾವ ಹಲ್ಲಿಲ್ಲದ ಬಾಯಲ್ಲಿ ಮೆಲ್ಲಗೆ ನಕ್ಕರು. "ಅಯ್ಯೋ ಹುಚ್ಚಿ, ಅದನ್ನ ಚುಚ್ಚುಮಾತು ಅಂದ್ಕೊಂಡ್ಯಾ? ಒಂದ್ಸಲ ಇಲ್ಲಿಗೆ ಬಂದಾಗ ಅವಳೇ ಹೇಳಿದ್ಲು. ಸೊಸೆ ಎಲ್ಲಾ ಕೋಳಿಗೆ ಸುರಿದ್ಬಿಟ್ಲು ತಮ್ಮಾ, ಹಸಿವೇ ಗೊತ್ತಿಲ್ದೋಳು ಮನೆಗೆ ಬಂದವ್ಳೆ, ಇನ್ನು ಮೊಮ್ಮಕ್ಳಿಗೆ ಭಯ ಇಲ್ಲ ಅಂತ. ಎಷ್ಟು ಸಂತೋಷ ಪಟ್ಟಿದ್ಲು ಗೊತ್ತಾ!"

ವಾಪಸು ಬರುವಾಗ ಬಸ್ಸಿನಲ್ಲಿ ದೇವನಹಳ್ಳಿ ದಾಟುವವರೆಗೂ ನಾನು ಅಳುತ್ತಲೇ ಇದ್ದೆ. ರಕ್ಷಿತಾ ನನ್ನ ಸೆರಗಿನಲ್ಲೇ ನನ್ನ ಕಣ್ಣು ಒರೆಸುತ್ತಾ, "ಹೊಸ ಕಣ್ಣು ಅಜ್ಜೀ, ಹಾಳ್ಮಾಡ್ಕೋಬೇಡ" ಎನ್ನುತ್ತಿದ್ದಳು.

ಮಾರನೇ ದಿನ ಆ ಹಿಡಿ ರಾಗಿಯನ್ನು ನಮ್ಮ ರಾಗಿಗೆ ಸೇರಿಸಿ ಮಿಲ್ಲಿಗೆ ಕಳಿಸಿದೆ. ಅದೇ ಹಿಟ್ಟಿನಲ್ಲಿ ಮುದ್ದೆ ತೊಳಸಿದೆ. ಮೊದಲ ತುತ್ತು ರಕ್ಷಿತಾಳಿಗೆ ನಾನೇ ಸಾರಿನಲ್ಲಿ ಅದ್ದಿ ತಿನ್ನಿಸಿದೆ. ಸತ್ತವರದ್ದು ತಿನ್ನಬಾರದು ಎಂದು ಗೌರಕ್ಕ ಅಂದಳು. ಆ ರಾಗಿ ಸತ್ತವರದ್ದಲ್ಲ, ಒಂದು ಮಗು ಎದ್ದ ಮೇಲೆ ತಿನ್ನಲಿ ಎಂದು ಇಟ್ಟದ್ದು. ನಮ್ಮ ಮಗು ತಿಂದಿತು. ಆ ಪುಟ್ಟ ತಂಗಿಯ ಕಡಗ ದೇವರ ಗೂಡಿನಲ್ಲಿದೆ.

"ಬೊಂತೆ ಮೂಲೆ ಗಟ್ಟಿ ಇರೋದು ನೀನು ಯಾವಾಗ್ಲೋ ಮುಟ್ಟಿ ಮರೆತಿರ್ಬೇಕು ಅಜ್ಜೀ" ಎನ್ನುತ್ತಾಳೆ ರಕ್ಷಿತಾ. ಇರಬಹುದು. ಮೂಟೆ ಕಟ್ಟಿದ್ದು ನಾನೇ ತಾನೆ. ಆದರೆ ಕಾಣದ ದೇಶದ ಒಬ್ಬಳು ಅಜ್ಜಿಯ ಕೋಟಿನ ಮೂಲೆಯನ್ನು ನಾನು ಯಾವಾಗ ಮುಟ್ಟಿದ್ದೆ? ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಒಂದು ಮಾತ್ರ ನಿಜ. ಮಧ್ಯಾಹ್ನ ರಕ್ಷಿತಾ ಓದಲು ಕೂತಾಗ ನಾನು ಮಂಚದ ಮೇಲೆ ಕಾಲು ಮಡಿಚಿಕೊಂಡೇ ಮಲಗುತ್ತೇನೆ, ಕಾಲುದೆಸೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು.